ಪದ್ಮಿನಿಗೆ ಆರ್‌ಪಿಎಂ ಮೀಟರ್: ಎರಡು ಮಳೆಗಾಲ ಕಳೆದ ಮೇಲೆ

ನನ್ನ ಪದ್ಮಿನಿ ಕಾರಿನ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಈ ಮೀಟರನ್ನು ನಾನು ಶೋಕಿಗೆ ಹಾಕಿಸಿದ್ದಲ್ಲ. ನನ್ನ ಎಡಗಿವಿ ಮಂದ. ಬಲಗಿವಿಯೂ ಅದರ ಹಿಂದೆಯೇ ಹೊರಟಿದೆ. ಮೂವತ್ತು ವರ್ಷ ಇಂಜಿನ್ ಸದ್ದು ಕೇಳಿಯೇ ಗೇರ್ ಹಾಕಿದವನು ನಾನು. ಈಚೆಗೆ ಗಾಡಿ ಏರಿನಲ್ಲಿ ಮೂರನೇ ಗೇರಿನಲ್ಲೇ ಏದುಸಿರು ಬಿಟ್ಟು ನಡುಗುವ ತನಕ ಗೊತ್ತೇ ಆಗುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಹೆಂಡತಿ "ಗೇರ್ ಇಳಿಸಿ, ಅದು ಅಳ್ತಾ ಇದೆ" ಅನ್ನಬೇಕಿತ್ತು. ಅವಳು ಇಲ್ಲದ ದಿನ ಏನು ಮಾಡೋದು? ಕಿವಿ ಮಾಡುತ್ತಿದ್ದ ಕೆಲಸವನ್ನು ಕಣ್ಣಿಗೆ ವಹಿಸೋಣ ಅಂತ ಮೀಟರ್ ತಂದೆ.

ಗಾಡಿ 1986ರ ಪ್ರೀಮಿಯರ್ ಪದ್ಮಿನಿ. 1089 ಸಿಸಿ, ನಾಲ್ಕು ಸಿಲಿಂಡರ್, ಸ್ಟೀರಿಂಗ್ ಬುಡದಲ್ಲೇ ಗೇರ್ ಕಡ್ಡಿ. 1974ರಿಂದಲೇ ಅದಕ್ಕೆ ಪದ್ಮಿನಿ ಅನ್ನುವ ಹೆಸರಿದ್ದರೂ ನಮ್ಮ ತೀರ್ಥಹಳ್ಳಿ ಕಡೆ ಇವತ್ತಿಗೂ ಅದು ಫಿಯೆಟ್ಟೇ. ಡ್ಯಾಶ್‌ಬೋರ್ಡಿನಲ್ಲಿ ಸ್ಪೀಡೋಮೀಟರ್ ಇದೆ, ಪೆಟ್ರೋಲ್ ಮುಳ್ಳು ಇದೆ. ಆರ್‌ಪಿಎಂ ಮೀಟರ್ ಕಂಪನಿಯವರು ಕೊಟ್ಟಿರಲಿಲ್ಲ. ಆಗ ಯಾರೂ ಕೇಳಿಯೂ ಇರಲಿಲ್ಲ.

ಮೀಟರ್ ಸಿಕ್ಕಿದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ. ಡಬ್ಬಿಯ ಮೇಲೆ ಕಂಪನಿ ಹೆಸರೇ ಇರಲಿಲ್ಲ. ಎರಡಿಂಚಿನ ದುಂಡು ಮೀಟರ್, 1,850 ರೂಪಾಯಿ. ಏಳು ಬಣ್ಣದ ಲೈಟ್ ಬರುತ್ತದೆ ಅಂತ ಅಂಗಡಿಯವನು ಮೂರು ಸಲ ಹೇಳಿದ. ಆ ಏಳು ಬಣ್ಣದ ಕತೆ ಆಮೇಲೆ ಹೇಳುತ್ತೇನೆ. ಮುಖದ ಮೇಲೆ 8000ದವರೆಗೆ ಅಂಕಿ ಇದೆ. ನಮ್ಮ ಪದ್ಮಿನಿಗೆ ಅದರಲ್ಲಿ ಬಲಗಡೆಯ ಅರ್ಧ ಬರೀ ಅಲಂಕಾರ.

ವೈರು ನಾಲ್ಕೇ. ನನ್ನ ಮೀಟರಿನಲ್ಲಿ ಕೆಂಪು ವೈರು ಇಗ್ನಿಷನ್ ಕೀಗೆ, ಕಪ್ಪು ಗಾಡಿಯ ತಗಡಿನ ಮೈಗೆ (ಅದೇ ಬಾಡಿ, ಅರ್ಥ್), ಬಿಳಿ ಡ್ಯಾಶ್‌ಬೋರ್ಡ್ ಲೈಟಿಗೆ. ಉಳಿದ ಹಸಿರೇ ಮುಖ್ಯ, ಅದು ಸ್ಪಾರ್ಕಿಗೆ ಬೇಕಾದ ಹೆಚ್ಚಿನ ವೋಲ್ಟ್ ಹುಟ್ಟಿಸುವ ಇಗ್ನಿಷನ್ ಕಾಯಿಲಿನ ಮೈನಸ್ ಕಡೆಗೆ ಹೋಗಬೇಕು. ಬೇರೆ ಮೀಟರಿನಲ್ಲಿ ಬಣ್ಣ ಬೇರೆ ಇರಬಹುದು, ಡಬ್ಬಿಯಲ್ಲಿ ಬಂದ ಚೀಟಿ ಎಸೆಯಬೇಡಿ. ಕೆಂಪು ವೈರನ್ನು ನೇರ ಬ್ಯಾಟರಿಗೆ ಕೊಡುವವರಿದ್ದಾರೆ. ಹಾಗೆ ಮಾಡಿದರೆ ಗಾಡಿ ಶೆಡ್ಡಿನಲ್ಲಿ ನಿಂತಿದ್ದರೂ ಮೀಟರ್ ಬ್ಯಾಟರಿ ಹೀರುತ್ತಲೇ ಇರುತ್ತದೆ. ನನ್ನ ಗಾಡಿ ಕೆಲವೊಮ್ಮೆ ಹದಿನೈದು ದಿನ ಹೊರಗೇ ಬರುವುದಿಲ್ಲ.

ಈ ಹಸಿರು ವೈರಿನ ಕೆಲಸ ಸ್ವಲ್ಪ ಬಿಡಿಸಿ ಹೇಳಬೇಕು. ಪ್ಲಗ್ಗುಗಳಿಗೆ ಸ್ಪಾರ್ಕ್ ಹಂಚುವ ಡೆಲ್ಕೋ ಒಳಗೆ ಸಿಬಿ ಪಾಯಿಂಟ್ ಇರುತ್ತದಲ್ಲ, ಕಾಯಿಲಿನ ಕರೆಂಟು ಸೇರಿಸಿ ಕಡಿಯುವ ಸ್ವಿಚ್ಚಿನಂಥದ್ದು, ಅದು ಒಂದೊಂದು ಸಲ ಬಿಟ್ಟುಕೊಂಡಾಗಲೂ ಒಂದು ಸ್ಪಾರ್ಕ್. ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಇಂಜಿನ್ ಒಂದು ಸುತ್ತು ಬಂದರೆ ಎರಡು ಸ್ಪಾರ್ಕ್ ಆಗುತ್ತವೆ. ಐಡ್ಲಿಂಗಿನಲ್ಲಿ, ಅಂದರೆ ಗಾಡಿ ನಿಂತಲ್ಲೇ ಇಂಜಿನ್ ಓಡುವಾಗ, 800 ಆರ್‌ಪಿಎಂ ಇದ್ದರೆ ನಿಮಿಷಕ್ಕೆ 1600 ಸ್ಪಾರ್ಕ್. ಮೀಟರ್ ಮಾಡುವುದು ಇಷ್ಟೇ, ಹಸಿರು ವೈರಿನಲ್ಲಿ ಬರುವ ಹೊಡೆತ ಎಣಿಸಿ ಎರಡರಿಂದ ಭಾಗಿಸಿ ತೋರಿಸುವುದು. ಆರು ಸಿಲಿಂಡರಿಗೆ ಮೂರರಿಂದ, ಎಂಟಕ್ಕೆ ನಾಲ್ಕರಿಂದ. ಅದಕ್ಕಾಗಿ ಹಿಂದುಗಡೆ 4, 6, 8 ಅಂತ ಒಂದು ಪುಟ್ಟ ಸ್ವಿಚ್ ಇರುತ್ತದೆ.

ನನ್ನದು ಎಂಟರಲ್ಲಿ ಬಂದಿತ್ತು. ಯಾರೂ ನೋಡಲಿಲ್ಲ. ಮೊದಲ ದಿನ ಸ್ಟಾರ್ಟ್ ಮಾಡಿದರೆ ಮುಳ್ಳು 400ರಲ್ಲಿ ನಿಂತಿತು. 400ರಲ್ಲಿ ಓಡಲು ಇದೇನು ಅಕ್ಕಿ ಗಿರಣಿಯ ಹಳೇ ಡೀಸೆಲ್ ಇಂಜಿನ್ನೇ? ಎರಡು ದಿನ ಕಾರ್ಬೊರೇಟರ್ ತಿರುಪು ತಿರುಗಿಸಿ ಐಡ್ಲಿಂಗ್ ಏರಿಸಿ ಪೆಟ್ರೋಲ್ ಸುಟ್ಟೆ. ಮೂರನೇ ದಿನ ಸ್ವಿಚ್ ಕಣ್ಣಿಗೆ ಬಿತ್ತು.

ಫಿಟ್ಟಿಂಗ್ ಮಾಡಿಸಿದ್ದು ಶಿವಮೊಗ್ಗದ ಒಂದು ಅಂಗಡಿಯಲ್ಲಿ. ಹೆಸರು ಬೇಡ. ಒಂದು ಗಂಟೆಯಲ್ಲಿ ಮುಗಿಸಿ 600 ರೂಪಾಯಿ ತೆಗೆದುಕೊಂಡರು. ಮೀಟರ್ ಕೂತ ಜಾಗ ಚೆನ್ನಾಗಿತ್ತು, ಸ್ಟೀರಿಂಗ್ ಎಡಕ್ಕೆ, ಕಣ್ಣು ರಸ್ತೆ ಬಿಡದೆ ಕಾಣುವ ಹಾಗೆ. ಆದರೆ ಹಸಿರು ವೈರನ್ನು ಇಂಜಿನ್ ಕಡೆಯಿಂದ ಒಳಗೆ ತರುವಾಗ ತಗಡಿನ ತೂತಿನಲ್ಲಿ ಹಾಗೇ ತೂರಿಸಿದ್ದರು. ತೂತಿನ ಅಂಚಿಗೆ ಹಾಕುವ ರಬ್ಬರ್ ಬಳೆ, ಅಂದರೆ ಗ್ರೋಮೆಟ್ ಇಲ್ಲ, ವೈರಿಗೆ ಹೊದಿಸುವ ಸ್ಲೀವ್ ಇಲ್ಲ. ನಾನೂ ಬಗ್ಗಿ ನೋಡಲಿಲ್ಲ.

ಐದು ತಿಂಗಳು ಏನೂ ಆಗಲಿಲ್ಲ. ಜುಲೈಯಲ್ಲಿ ಉಡುಪಿಯಿಂದ ವಾಪಸ್ ಬರುತ್ತಿದ್ದೆ. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುತ್ತಾ ಇದ್ದೆ. ಅಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು. ಮಳೆ ಹೇಗಿತ್ತು ಅಂತ ಹೇಳಬೇಕಾಗಿಲ್ಲ, ಆಗುಂಬೆ ಮಳೆ ಅಷ್ಟೆ. ಟಾಪಿನ ಮೇಲೆ ಬೀಳುವ ಸದ್ದಿಗೆ ಒಳ್ಳೆ ಕಿವಿ ಇದ್ದವನಿಗೂ ಇಂಜಿನ್ ಕೇಳುವ ಹಾಗಿರಲಿಲ್ಲ. ಎರಡನೇ ಗೇರು, ಮುಳ್ಳು 2400. ಮೀಟರ್ ತಂದಿದ್ದು ಸಾರ್ಥಕ ಅಂದುಕೊಂಡೆ, ಒಂದು ತಿರುವಿನಲ್ಲಿ ಇಂಜಿನ್ ಫಕ್ಕನೆ ನಿಂತಿತು. ಕೆಮ್ಮಲಿಲ್ಲ, ಎಳೆದಾಡಲಿಲ್ಲ, ಸ್ವಿಚ್ ಆರಿಸಿದ ಹಾಗೆ ನಿಂತಿತು.

ಹೆಂಡತಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟಳು. ಸೆಲ್ಫ್ ಹೊಡೆದೆ. ಇಂಜಿನ್ ಗರಗರ ತಿರುಗುತ್ತದೆ, ಹಚ್ಚಿಕೊಳ್ಳುವುದಿಲ್ಲ. ಹಾರನ್ ಸರಿ ಇದೆ, ಲೈಟ್ ಸರಿ ಇದೆ, ಪೆಟ್ರೋಲ್ ಇದೆ. ಹಿಂದಿನಿಂದ ಬಂದ ಒಬ್ಬ ಜೀಪಿನವರು ಕೊಡೆ ಹಿಡಿದು ಇಳಿದರು. ಬಾನೆಟ್ ಒಳಗೆ ಒಂದು ಸಲ ಕಣ್ಣಾಡಿಸಿ ಕೇಳಿದ್ದು ಒಂದೇ ಪ್ರಶ್ನೆ: "ಈಚೆಗೆ ಹೊಸದಾಗಿ ಎಂತ ಹಾಕ್ಸಿದ್ರಿ ಮಾರಾಯ್ರೆ?" ಮೀಟರ್ ತೋರಿಸಿದೆ. ಅವರು ಕಾಯಿಲಿನಿಂದ ಹಸಿರು ವೈರು ಕಿತ್ತು ಪಕ್ಕಕ್ಕೆ ಮಡಚಿದರು. "ಈಗ ಹೊಡೀರಿ." ಅರ್ಧ ಸೆಲ್ಫಿಗೆ ಗಾಡಿ ಸ್ಟಾರ್ಟ್.

ಆಗಿದ್ದು ಇಷ್ಟು. ತಗಡಿನ ಅಂಚಿಗೆ ಉಜ್ಜಿ ಉಜ್ಜಿ ವೈರಿನ ಸಿಪ್ಪೆ ಸವೆದು ಒಳಗಿನ ತಾಮ್ರ ಬಾಡಿಗೆ ತಾಗಿತ್ತು. ಕಾಯಿಲಿನ ಮೈನಸ್ ಒಂದೇ ಸಮನೆ ಅರ್ಥ್ ಆದರೆ ಪಾಯಿಂಟ್ ಬಿಟ್ಟರೂ ಬಿಡದಿದ್ದರೂ ಒಂದೇ. ಸ್ಪಾರ್ಕ್ ಬರುವುದೇ ಇಲ್ಲ. ಹಾಗೇ ಕೀ ಆನ್ ಇಟ್ಟು ಕೂತಿದ್ದರೆ ಕಾಯಿಲ್ ಕಾದು ಸುಡುವ ಅಪಾಯವೂ ಇತ್ತು. ಅಂದರೆ ಈ ಮೀಟರ್ ಕೆಟ್ಟರೆ ಬಹುಮಟ್ಟಿಗೆ ಮುಳ್ಳು ಮಾತ್ರ ನಿಲ್ಲುತ್ತದೆ, ಅದರ ವೈರು ಕೆಟ್ಟರೆ ಗಾಡಿಯೇ ನಿಲ್ಲುತ್ತದೆ. ಈ ಮಾತು ಡಬ್ಬಿಯ ಚೀಟಿಯಲ್ಲಿ ಇರಲಿಲ್ಲ.

ಅವತ್ತು ಒಂದು ಸುಳಿವು ನನ್ನ ಕಣ್ಣೆದುರೇ ಇತ್ತು, ಗೊತ್ತಾಗಲಿಲ್ಲ. ಸೆಲ್ಫ್ ಹೊಡೆಯುವಾಗ ಮುಳ್ಳು ಸ್ವಲ್ಪ ಮೇಲೆದ್ದು ಅಲುಗಬೇಕು. ಅಲುಗಿದರೆ ಪಾಯಿಂಟಿನ ಕಡೆ ಬಹುಮಟ್ಟಿಗೆ ಸರಿ ಇದೆ, ಪೆಟ್ರೋಲೋ ಪ್ಲಗ್ಗೋ ನೋಡಬೇಕು. ಮುಳ್ಳು ಸೊನ್ನೆ ಬಿಟ್ಟು ಏಳದಿದ್ದರೆ ಕಾಯಿಲ್, ಪಾಯಿಂಟ್ ಅಥವಾ ಈ ಹಸಿರು ವೈರು. ಈಗ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗೆಲ್ಲ ಕಣ್ಣು ತಾನಾಗಿ ಅಲ್ಲಿಗೇ ಹೋಗುತ್ತದೆ.

ಊರಿಗೆ ಬಂದ ಮೇಲೆ ಗಾಡಿಯನ್ನು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಒಯ್ದೆ. ಅಲ್ಲೊಬ್ಬರು ವಯಸ್ಸಾದ ಎಲೆಕ್ಟ್ರಿಷಿಯನ್ ಇದ್ದಾರೆ, ಎಲ್ಲರೂ ಅಜ್ಜ ಅಂತಲೇ ಕರೆಯುವುದು. ಅವರಿಗೆ ಮೀಟರ್ ಬಗ್ಗೆ ಗೌರವವಿಲ್ಲ. "ಇಂಜಿನ್ ಕೇಳೋ ವಸ್ತು ಸಾರ್, ನೋಡೋದಲ್ಲ" ಅಂದರು. ನನ್ನ ಎಡಗಿವಿ ತೋರಿಸಿದೆ. ಮತ್ತೆ ಆ ಮಾತು ಎತ್ತಲಿಲ್ಲ, ಕೆಲಸಕ್ಕೆ ಕೂತರು. ತೂತಿಗೆ ರಬ್ಬರ್ ಗ್ರೋಮೆಟ್. ವೈರಿಗೆ ಉದ್ದಕ್ಕೂ ಸ್ಲೀವ್. ಪ್ಲಗ್ ವೈರುಗಳಿಂದ ಒಂದು ಗೇಣು ದೂರ. ಆಮೇಲೆ ಕಾಯಿಲಿನ ತುದಿಯಲ್ಲೇ, ಬೇರೆಲ್ಲೂ ಅಲ್ಲ, 10 ಕಿಲೋ ಓಮ್‌ನ ಅರ್ಧ ವಾಟಿನ ಒಂದು ರೆಸಿಸ್ಟರ್ ಬೆಸುಗೆ ಹಾಕಿದರು. ಎರಡು ರೂಪಾಯಿಯ ವಸ್ತು. ಇನ್ನು ಮುಂದೆ ವೈರು ಎಲ್ಲಾದರೂ ಬಾಡಿಗೆ ತಾಗಿದರೂ ರೆಸಿಸ್ಟರ್ ತಡೆಯುತ್ತದೆ, ಕಾಯಿಲಿಗೆ ಅದು ಗೊತ್ತೇ ಆಗುವುದಿಲ್ಲ. ನಂಬಿಕೆ ಬರಲಿ ಅಂತ ಇಂಜಿನ್ ಓಡುತ್ತಿರುವಾಗಲೇ ಮೀಟರ್ ಕಡೆಯ ತುದಿಯನ್ನು ಬಾಡಿಗೆ ಮುಟ್ಟಿಸಿ ತೋರಿಸಿದರು. ಮುಳ್ಳು ಬಿತ್ತು, ಇಂಜಿನ್ ಓಡುತ್ತಲೇ ಇತ್ತು. ಕೆಲವು ಮೀಟರ್ ರೆಸಿಸ್ಟರ್ ಹಾಕಿದರೆ ಓದುವುದಿಲ್ಲವಂತೆ. ನನ್ನದು ಓದುತ್ತದೆ, ಹಾಕುವ ಮೊದಲು ನಿಮ್ಮದನ್ನು ಪರೀಕ್ಷೆ ಮಾಡಿ ನೋಡಿ.

ಮುಳ್ಳು ಹೇಳುವುದು ನಿಜವೋ ಸುಳ್ಳೋ ಅಂತಲೂ ಅಲ್ಲೇ ನೋಡಿದೆವು. ಮಲ್ಟಿಮೀಟರಿನಲ್ಲಿ ಹರ್ಟ್ಸ್, ಅಂದರೆ ಸೆಕೆಂಡಿಗೆ ಎಷ್ಟು ಹೊಡೆತ ಅಂತ ಅಳೆಯುವ ಸೌಲಭ್ಯ ಇದ್ದರೆ ಕಾಯಿಲಿನ ಮೈನಸ್ಸಿಗೆ ಹಿಡಿದು, ಬಂದ ಅಂಕಿಯನ್ನು 30ರಿಂದ ಗುಣಿಸಿ, ನಾಲ್ಕು ಸಿಲಿಂಡರಿಗೆ ಅದೇ ಆರ್‌ಪಿಎಂ. ಐಡ್ಲಿಂಗಿನಲ್ಲಿ 27 ಬಂತು, ಅಂದರೆ 810. ಮೀಟರ್ 800 ತೋರಿಸುತ್ತಿತ್ತು. ರೇಸ್ ಮಾಡಿ 100ಕ್ಕೆ ತಂದಾಗ ನಿಜವಾದದ್ದು 3000, ಮೀಟರ್ ಹೇಳಿದ್ದು 3150. ಹೆಸರಿಲ್ಲದ ಮೀಟರಿಗೆ ಇದು ಪಾಸು. ಒಂದು ಎಚ್ಚರಿಕೆ: 12 ವೋಲ್ಟ್ ಗಾಡಿ ಅಂತ ಸಲೀಸಾಗಿ ಕೈ ಹಾಕಬೇಡಿ. ಪಾಯಿಂಟ್ ಬಿಡುವ ಕ್ಷಣದಲ್ಲಿ ಅಲ್ಲಿ ಇನ್ನೂರು ಮುನ್ನೂರು ವೋಲ್ಟ್ ಏಳುತ್ತದೆ. ಅಗ್ಗದ ಮಲ್ಟಿಮೀಟರ್ ಸತ್ತೇ ಹೋಗಬಹುದು.

ಈಗ ಏಳು ಬಣ್ಣ. ಬಿಳಿ, ನೀಲಿ, ಹಸಿರು, ಇನ್ನೂ ಏನೇನೋ. ಯಾವ ಬಣ್ಣ ಇಟ್ಟರೂ ರಾತ್ರಿ ಅದರ ನೆರಳು ಮುಂದಿನ ಗಾಜಿನ ಮೇಲೆ ಬೀಳುತ್ತದೆ. ಮಂಜು ಕವಿದಾಗ ಗಾಜಿನಾಚೆ ಇನ್ನೊಂದು ನೀಲಿ ಚಂದ್ರ ತೂಗಾಡಿದ ಹಾಗೆ. ಬೆಳಕು ಕಡಿಮೆ ಮಾಡಲು ಸ್ವಿಚ್ಚೇ ಕೊಟ್ಟಿಲ್ಲ. ಬಿಳಿ ವೈರು ಕತ್ತರಿಸೋಣ ಅಂತ ಒಂದು ಭಾನುವಾರ ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿದರೆ, ಇಲಿ ಆ ಕೆಲಸ ಮುಗಿಸಿತ್ತು. ಸರಿಯಾಗಿ ಅದೊಂದೇ ವೈರು ಕಡಿದಿತ್ತು. ನಾನು ಜೋಡಿಸಲು ಹೋಗಲಿಲ್ಲ.

ಎರಡನೇ ಮಳೆಗಾಲದಲ್ಲಿ ಎರಡು ತೊಂದರೆ ಬಂತು. ಒಂದು, ಗಾಜಿನೊಳಗೆ ಹಬೆ ಕಟ್ಟಿತು. ಹಿಂದೆ ವೈರು ಹೊರಡುವ ಕಡೆ ಸೀಲ್ ಇಲ್ಲ. ಬಿಚ್ಚಿ ತಂದು ಬಚ್ಚಲು ಒಲೆಯ ಮೇಲಿನ ತಂತಿಗೆ, ಒಣಗಲು ಹಾಕಿದ ಬಟ್ಟೆಯ ಪಕ್ಕದಲ್ಲಿ ನೇತು ಹಾಕಿದೆ. ಎರಡು ದಿನಕ್ಕೆ ಗಾಜು ತಿಳಿಯಾಯಿತು, ಸ್ವಲ್ಪ ಹೊಗೆ ವಾಸನೆ ಉಳಿಯಿತು. ವೈರಿನ ಸಂದಿಗೆ ಸಿಲಿಕೋನ್ ಮೆತ್ತಿದ ಮೇಲೆ ಮತ್ತೆ ಬಂದಿಲ್ಲ. ಇನ್ನೊಂದು, ಐಡ್ಲಿಂಗಿನಲ್ಲಿ ಮುಳ್ಳು 600ರಿಂದ 1100ರ ನಡುವೆ ಕುಣಿಯಲು ಶುರು ಮಾಡಿತು. ಮೀಟರ್ ಆಯುಸ್ಸು ಮುಗಿಯಿತು ಅಂದುಕೊಂಡೆ. ಅಜ್ಜ ಡೆಲ್ಕೋ ಮುಚ್ಚಳ ತೆಗೆದು ತೋರಿಸಿದರು, ಪಾಯಿಂಟ್ ಸುಟ್ಟು ಗುಳಿ ಬಿದ್ದಿತ್ತು, ಪಾಯಿಂಟ್ ಸುಡದ ಹಾಗೆ ಕಾಯುವ ಕಂಡೆನ್ಸರ್ ಹೋಗಿತ್ತು. ಎರಡನ್ನೂ ಬದಲಾಯಿಸಿದರು. ಮುಳ್ಳು ತೆಪ್ಪಗಾಯಿತು. ಮೀಟರ್ ಇಲ್ಲದಿದ್ದರೆ ಅದು ಇನ್ನೊಂದು ಘಾಟಿಯಲ್ಲೇ ಗೊತ್ತಾಗುತ್ತಿತ್ತು.

ಓಡಿಸುವುದರಲ್ಲಿ ವ್ಯತ್ಯಾಸ ಇದೆಯಾ ಅಂತ ಕೇಳಿದರೆ, ನನಗಂತೂ ಇದೆ. ಟಾಪ್ ಗೇರಿನಲ್ಲಿ 60ರಲ್ಲಿ ಹೋದರೆ ಮುಳ್ಳು 2400ರ ಆಸುಪಾಸು. ಮಂಡಗದ್ದೆ ರಸ್ತೆಯಲ್ಲಿ ಅದೇ ಹಿತ. ಏರಿನಲ್ಲಿ 2000ಕ್ಕಿಂತ ಕೆಳಗೆ ಬಿದ್ದರೆ ಗೇರ್ ಇಳಿಸುತ್ತೇನೆ, ಯಾರೂ ಹೇಳಬೇಕಾಗಿಲ್ಲ. ಜಾಸ್ತಿ ಉಪಯೋಗ ಇಳಿಜಾರಿನಲ್ಲಿ. ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಘಾಟಿಯಲ್ಲಿ ಬ್ರೇಕ್ ತುಳಿಯುತ್ತಾ ಇಳಿದರೆ ಡ್ರಮ್ ಕಾದು ಹಿಡಿತ ಸಡಿಲವಾಗುತ್ತದೆ. ಎರಡನೇ ಗೇರಿನಲ್ಲಿ 2500 ದಾಟದ ಹಾಗೆ ನೋಡಿಕೊಂಡರೆ ಇಂಜಿನ್ನೇ ಗಾಡಿಯನ್ನು ಹಿಡಿದಿರುತ್ತದೆ. ಮೊದಲು ಇದನ್ನು ಸದ್ದಿನ ಮೇಲೆ ಮಾಡುತ್ತಿದ್ದೆ.

ಕಿವಿ ನೆಟ್ಟಗಿರುವವರು ಪದ್ಮಿನಿಗೆ ಇದನ್ನು ಹಾಕಿಸಬೇಕಾ? ಸುಮ್ನೆ ಚಂದಕ್ಕೆ ಅಂದರೆ ಬೇಡ, ಆ ದುಡ್ಡಿಗೆ ಒಳ್ಳೆ ವೈಪರ್ ಬ್ಲೇಡ್, ಹೊಸ ಪ್ಲಗ್ ವೈರು ಬರುತ್ತದೆ. ಡೀಸೆಲ್ ಪದ್ಮಿನಿ ಇದ್ದವರಿಗೆ ಈ ಮೀಟರ್ ಆಗುವುದೇ ಇಲ್ಲ, ಅದರಲ್ಲಿ ಕಾಯಿಲೇ ಇಲ್ಲವಲ್ಲ. ಪಾಸಿಟಿವ್ ಅರ್ಥ್ ಇರುವ, ಅಂದರೆ ಬ್ಯಾಟರಿಯ ಪ್ಲಸ್ ಕಡೆ ಬಾಡಿಗೆ ಸೇರಿರುವ ಹಳೇ ಬ್ರಿಟಿಷ್ ಗಾಡಿಯವರೂ ಹಾಗೇ ಜೋಡಿಸಬೇಡಿ, ಮೀಟರ್ ಸುಡಬಹುದು. ನನ್ನದು ಕೆಟ್ಟರೆ ಇಂಥದ್ದೇ ಇನ್ನೊಂದು ತರುತ್ತೇನೆ. ಆದರೆ ಫಿಟ್ಟಿಂಗ್ ನೇರ ಅಜ್ಜನ ಹತ್ತಿರ.

ಇಷ್ಟು ಬರೆದು ಇಟ್ಟಿದ್ದೆ. ದೀಪಾವಳಿಗೆ ಮಗಳು ಬಂದವಳು ಹಟ ಹಿಡಿದು ಕಿವಿಯ ಮಷಿನ್ ಕೊಡಿಸಿದಳು. ಮಾರನೇ ದಿನ ಅದನ್ನು ಹಾಕಿಕೊಂಡು ಗಾಡಿ ತೆಗೆದೆ. ಮುಳ್ಳು 800ರಲ್ಲಿ ಕಡ್ಡಿ ಹಾಗೆ ನಿಂತಿತ್ತು. ಇಂಜಿನ್ನಿನಿಂದ ಮಾತ್ರ ಟಕಟಕ ಟಕಟಕ ಅಂತ ಸದ್ದು. ಮೀಟರ್ ಸದ್ದೇನೋ ಅಂತ ಕಿವಿ ಹತ್ತಿರ ಒಯ್ದೆ, ಅಲ್ಲ. ಅಜ್ಜನಿಗೆ ಫೋನ್ ಮಾಡಿ ಕೇಳಿಸಿದೆ. "ಟ್ಯಾಪೆಟ್ಟು ಸಾರ್, ವಾಲ್ವಿಂದು. ಎರಡು ವರ್ಷದಿಂದ ಹೊಡೀತಾ ಇದೆ. ನಿಮ್ಗೆ ಗೊತ್ತು ಅಂದ್ಕಂಡಿದ್ದೆ." ಬರುವ ಗುರುವಾರ ಗಾಡಿ ಬಿಡಬೇಕು.