ಗೋಡೆಯೊಳಗಿನ ಜೇನು: ಒಡೆದು ತೆಗೆಯುವುದೋ, ತಾವಾಗಿ ಹೊರಬರುವಂತೆ ಮಾಡುವುದೋ?

ಗೋಡೆಯ ಟೊಳ್ಳಿನಲ್ಲಿ ಬೀಡುಬಿಟ್ಟ ಜೇನನ್ನು ತೆರವು ಮಾಡುವ ವಿಧಾನಗಳನ್ನು ಹೋಲಿಸುವವರು ಮೊದಲು ಕೇಳುವುದು, ನೊಣಗಳು ಎಷ್ಟು ಬೇಗ ಹೋಗುತ್ತವೆ ಎಂಬುದನ್ನು. ನಮ್ಮ ಮನೆಯ ಗೋಡೆಯಲ್ಲಿಯೂ ಆನಂತರ ಪರಿಚಿತರ ಕೆಲವು ಮನೆಗಳಲ್ಲಿಯೂ ಈ ಕೆಲಸ ಮಾಡಿದ ಮೇಲೆ ನನಗೆ ಆ ಪ್ರಶ್ನೆ ಎರಡನೆಯದಾಗಿ ಕಾಣುತ್ತದೆ. ನೊಣಗಳು ಹೋದ ಬಳಿಕ ಗೋಡೆಯೊಳಗೆ ಏನು ಉಳಿಯುತ್ತದೆ ಎಂಬುದೇ ಮೊದಲ ಪ್ರಶ್ನೆಯಾಗಬೇಕು. ಕೆಳಗಿನ ಹೋಲಿಕೆಯೆಲ್ಲ ಆ ಅಳತೆಯಲ್ಲಿಯೇ ಇದೆ.

ಗೋಡೆಯೊಳಗೆ ಸೇರುವುದು ಕತ್ತಲೆಯ ಪೊಟರೆಯಲ್ಲಿ ಸಾಲಾಗಿ ಮೇಣದ ಹಲಗೆಯಂಥ ಹಲವು ಎರಿಗಳನ್ನು ಕಟ್ಟುವ ತುಡುವೆ ಜೇನು, ಇಲ್ಲವೇ ಪೆಟ್ಟಿಗೆಗಳಲ್ಲಿ ಸಾಕುವ, ಯುರೋಪಿನ ಮೂಲದ ಮೆಲ್ಲಿಫೆರಾ ಜೇನು. ಹೆಜ್ಜೇನು, ಕೋಲುಜೇನುಗಳು ಬಯಲಿನಲ್ಲಿ ಒಂದೇ ಎರಿ ಕಟ್ಟುವುದರಿಂದ ಇಲ್ಲಿ ಅವುಗಳ ಮಾತಿಲ್ಲ. ಚುಚ್ಚದ ನಸರು ಜೇನು ಬಿರುಕಿನಲ್ಲಿದ್ದರೆ ಅದನ್ನು ಅದರ ಪಾಡಿಗೆ ಬಿಡುವುದೇ ಲೇಸೆಂಬುದು ನನ್ನ ಅಭಿಪ್ರಾಯ.

ವಿಷ ಸಿಂಪಡಿಸುವ ವಿಧಾನವನ್ನು ನಾನು ಸ್ವತಃ ಮಾಡಿಲ್ಲ. ಬೇರೆಯವರು ಮಾಡಿಸಿದ ಮೇಲೆ ಗೋಡೆ ತೆರೆದು ನೋಡಿದ್ದೇನೆ. ಜೀವಂತ ಕುಟುಂಬವು ರೆಕ್ಕೆ ಬೀಸಿ, ನೀರು ತಂದು, ಮರಿಗಳಿರುವ ಭಾಗವನ್ನು ಸುಮಾರು 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕಾಯ್ದುಕೊಳ್ಳುತ್ತದೆ. ನೊಣಗಳು ಸತ್ತ ಮರುಗಳಿಗೆಯಿಂದ ಆ ಕಾವಲು ತಪ್ಪುತ್ತದೆ. ಮೇಣ ಕರಗಲು 62ರಿಂದ 64 ಡಿಗ್ರಿ ಬೇಕಾದರೂ ತುಪ್ಪ ತುಂಬಿದ ಎರಿ ಅದಕ್ಕಿಂತ ಬಹಳ ಮೊದಲೇ ಮೆತ್ತಗಾಗಿ ತನ್ನ ಭಾರಕ್ಕೆ ಕುಸಿಯುತ್ತದೆ. ಆಗ ತುಪ್ಪ ಗಾರೆಯ ಮೂಲಕ ಜಿನುಗಿ ಗೋಡೆಯ ಮೇಲೆ ಕಪ್ಪು ಕಲೆಯಾಗಿ ಮೂಡುತ್ತದೆ, ಸತ್ತ ಮರಿಗಳು ಕೊಳೆತು ನಾರುತ್ತವೆ, ಇರುವೆ, ಜಿರಳೆ, ಇಲಿಗಳು ಒಂದರ ಹಿಂದೊಂದು ಬರುತ್ತವೆ. ಸುತ್ತಲಿನ ಬೇರೆ ಜೇನುಗಳು ಆ ವಿಷದ ತುಪ್ಪವನ್ನು ದೋಚಿ ತಮ್ಮ ಗೂಡಿಗೆ ಒಯ್ಯುತ್ತವೆ. ಕಡೆಗೆ ಗೋಡೆ ಒಡೆಯುವುದು ತಪ್ಪುವುದಿಲ್ಲ. ದ್ವಾರವನ್ನು ಸಿಮೆಂಟಿನಿಂದ ಮುಚ್ಚಿಬಿಡುವುದು ಇದಕ್ಕಿಂತ ಉತ್ತಮವೇನಲ್ಲ, ಏಕೆಂದರೆ ಸಿಕ್ಕಿಕೊಂಡ ನೊಣಗಳು ಬೆಳಕು ಹುಡುಕುತ್ತ ಸ್ವಿಚ್ ಬೋರ್ಡಿನ ಸಂದಿಯಿಂದಲೋ ಕಿಟಕಿಯ ಚೌಕಟ್ಟಿನಿಂದಲೋ ಕೋಣೆಯೊಳಗೆ ಇಳಿಯುತ್ತವೆ. ಬರಿಯ ಹೊಗೆ ಹಾಕುವುದು, ಆಗತಾನೇ ಬಂದಿಳಿದು ಇನ್ನೂ ಎರಿ ಕಟ್ಟದಿರುವ ಹಿಂಡಿಗೆ ಮಾತ್ರ ಪ್ರಯೋಜನಕ್ಕೆ ಬಂದೀತು.

ಉಳಿದ ಎರಡು ವಿಧಾನಗಳ ನಡುವೆಯೇ ನಿಜವಾದ ಸ್ಪರ್ಧೆ. ಮೊದಲನೆಯದು ಜಾಲರಿಯ ಆಲಿಕೆ. ಸುಮಾರು 3 ಮಿಲಿಮೀಟರ್ ಕಣ್ಣಿನ ತಂತಿ ಜಾಲರಿಯನ್ನು ಒಂದಡಿಗೆ ಕಡಿಮೆಯಿಲ್ಲದಂತೆ ಆಲಿಕೆಯ ಆಕಾರಕ್ಕೆ ಸುತ್ತಿ, ಅಗಲವಾದ ಬಾಯಿಯನ್ನು ಗೋಡೆಯ ದ್ವಾರಕ್ಕೆ ಸಂದಿಯಿಲ್ಲದಂತೆ ಕೂರಿಸಿ, ತುದಿಯಲ್ಲಿ ಒಂದು ನೊಣ ನುಸುಳುವಷ್ಟು ತೂತು ಬಿಡಬೇಕು. ಮೇವಿಗೆ ಹೊರಟ ನೊಣ ತುದಿಯಿಂದ ಹೊರಬರುತ್ತದೆ, ಆದರೆ ಹಿಂದಿರುಗಿದಾಗ ಗೂಡಿನ ವಾಸನೆ ಹಿಡಿದು ಆಲಿಕೆಯ ಬುಡದಲ್ಲಿಯೇ ತಡಕಾಡುತ್ತದೆ, ತುದಿಯ ತೂತು ಅದಕ್ಕೆ ಹೊಳೆಯುವುದಿಲ್ಲ. ಪಕ್ಕದಲ್ಲಿ, ಅದೇ ಜಾತಿಯ ಇನ್ನೊಂದು ಕುಟುಂಬದಿಂದ ತಂದ ಮೊಟ್ಟೆ ಮತ್ತು ಎಳೆಯ ಮರಿಗಳಿರುವ ಎರಿಯನ್ನು ಪೆಟ್ಟಿಗೆಯೊಂದರಲ್ಲಿ ಇಟ್ಟರೆ, ದಾರಿ ತಪ್ಪಿದ ನೊಣಗಳು ಅದರೊಳಗೆ ಸೇರಿ ಮರಿಗಳ ಆರೈಕೆಗೆ ನಿಲ್ಲುತ್ತವೆ, ತಮಗೊಂದು ಹೊಸ ರಾಣಿಯನ್ನೂ ಬೆಳೆಸಿಕೊಳ್ಳುತ್ತವೆ.

ಗೋಡೆಗೆ ಒಂದು ಗೀರೂ ಬೀಳದಿರುವುದು ಇದರ ದೊಡ್ಡ ಗುಣ. ದೋಷವೆಂದರೆ ಕಾಲಾವಧಿ. ಮೆಲ್ಲಿಫೆರಾದಲ್ಲಿ ಮೊಟ್ಟೆಯಿಂದ ಕೆಲಸಗಾರ ನೊಣ ಹೊರಬರಲು 21 ದಿನ ಹಿಡಿಯುತ್ತದೆ. ತುಡುವೆಯಲ್ಲಿ ಸ್ವಲ್ಪ ಕಡಿಮೆ. ಒಳಗಿನ ರಾಣಿ ಮೊಟ್ಟೆಯಿಡುವುದನ್ನು ಒಮ್ಮೆಗೇ ನಿಲ್ಲಿಸುವುದಿಲ್ಲವಾದ್ದರಿಂದ ಕೆಲಸ ವಾರಗಟ್ಟಲೆ ಎಳೆಯುತ್ತದೆ, ಎರಡು ತಿಂಗಳಾದರೂ ಆಶ್ಚರ್ಯವಿಲ್ಲ. ಅಷ್ಟೂ ದಿನ ಆಲಿಕೆಯನ್ನು ನೋಡಿಕೊಳ್ಳುತ್ತಿರಬೇಕು: ದಪ್ಪ ಮೈಯ ಗಂಡುನೊಣವೊಂದು ತುದಿಯಲ್ಲಿ ಸಿಕ್ಕಿಕೊಂಡರೆ ದಾರಿಯೇ ಕಟ್ಟುತ್ತದೆ, ಗೋಡೆಯ ಇನ್ನೊಂದು ಮೂಲೆಯಲ್ಲಿ ಕಾಣದ ಬಿರುಕಿದ್ದರೆ ನೊಣಗಳು ಅದನ್ನು ನಮಗಿಂತ ಮೊದಲು ಪತ್ತೆ ಮಾಡುತ್ತವೆ. ಹಳೆಯ ರಾಣಿ ಹೊರಬರುವುದು ಅಪರೂಪ. ಎಲ್ಲಕ್ಕಿಂತ ಮುಖ್ಯವಾಗಿ, ನನ್ನ ಅಳತೆಯ ಪ್ರಕಾರ, ಎರಿಗಳು ಒಳಗೇ ಉಳಿಯುತ್ತವೆ. ಕುಟುಂಬ ಕ್ಷೀಣಿಸಿದ ಮೇಲೆ ಆಲಿಕೆ ತೆಗೆದು, ಹೊರಗಿನ ನೊಣಗಳೇ ಒಳಹೊಕ್ಕು ತುಪ್ಪವನ್ನು ಹೀರಿ ಪೆಟ್ಟಿಗೆಗೆ ಸಾಗಿಸುವಂತೆ ಮಾಡಿದರೆ ಸೋರಿಕೆಯ ಭಯ ಬಹುಮಟ್ಟಿಗೆ ತಪ್ಪುತ್ತದೆ. ಒಣ ಮೇಣವೂ ಅದರ ವಾಸನೆಯೂ ಮಾತ್ರ ಅಲ್ಲಿಯೇ ಇರುತ್ತವೆ.

ಎರಡನೆಯದು ಗೋಡೆಯನ್ನು ತೆರೆದು ಎರಿಸಮೇತ ಕುಟುಂಬವನ್ನು ಎತ್ತುವುದು. ಗೂಡು ದ್ವಾರದ ಹಿಂದೆಯೇ ಇರುತ್ತದೆಂದು ನಂಬಿ ಉಳಿ ಹಿಡಿಯಬಾರದು. ರಾತ್ರಿ ಗೋಡೆಗೆ ಕಿವಿಯಿಟ್ಟು ಕೇಳಬೇಕು, ಅಂಗೈಯಿಂದ ಮುಟ್ಟಿ ನೋಡಬೇಕು; ಮರಿಗಳಿರುವ ಜಾಗ ಬೆಚ್ಚಗಿರುತ್ತದೆ, ತೆಳುವಾದ ಹಲಗೆಯ ಗೋಡೆಯಲ್ಲಂತೂ ಇದು ಸ್ಪಷ್ಟವಾಗಿ ತಿಳಿಯುತ್ತದೆ. ಉಷ್ಣ ಕ್ಯಾಮೆರಾ ಸಿಕ್ಕಿದರೆ ಎಷ್ಟು ಅಗಲ ತೆರೆಯಬೇಕೆಂಬುದೂ ಗೊತ್ತಾಗುತ್ತದೆ. ವಿದ್ಯುತ್ ಸಂಪರ್ಕ ಕಡಿದ ಬಳಿಕವೇ ಗೋಡೆಗೆ ಕೈ ಹಾಕಬೇಕು.

ತೆರೆದ ಮೇಲೆ ಕೆಲಸಕ್ಕೆ ಒಂದು ಕ್ರಮವಿದೆ. ಎರಿಗಳನ್ನು ಒಂದೊಂದಾಗಿ ಕತ್ತರಿಸಿ, ಮರಿಗಳಿರುವವನ್ನು ಮೇಲ್ಭಾಗ ಮೇಲೆಯೇ ಇರುವಂತೆ ಚೌಕಟ್ಟಿಗೆ ಹತ್ತಿಯ ದಾರದಿಂದ ಕಟ್ಟಬೇಕು, ಏಕೆಂದರೆ ಎರಿಯ ಆರುಮೂಲೆಯ ಕಣಗಳು ಹೊರಮುಖವಾಗಿ ಸ್ವಲ್ಪ ಮೇಲಕ್ಕೆ ವಾಲಿರುತ್ತವೆ, ತಲೆಕೆಳಗಾದರೆ ಆ ಓರೆ ತಿರುಗುಮುರುಗಾಗುತ್ತದೆ. ತುಪ್ಪದ ಎರಿಗಳನ್ನು ಮುಚ್ಚಳದ ಪಾತ್ರೆಗೆ ಹಾಕಬೇಕು. ಸೋರುವ ಎರಿಯನ್ನು ಪೆಟ್ಟಿಗೆಯಲ್ಲಿಟ್ಟರೆ ಇರುವೆಗೂ ಮೇಣದ ಹುಳುವಿಗೂ ಆಹ್ವಾನ ಕೊಟ್ಟಂತೆ. ರಾಣಿ ಬೆಳಕಿಗೂ ಹೊಗೆಗೂ ಹೆದರಿ ಮೂಲೆಗೆ ಓಡುವುದರಿಂದ ಹೊಗೆಯನ್ನು ಹಿತಮಿತವಾಗಿ ಬಳಸಬೇಕು. ಅವಳನ್ನು ಪುಟ್ಟ ಪಂಜರದಲ್ಲಿಟ್ಟು ಪೆಟ್ಟಿಗೆಗೆ ಸೇರಿಸಿದರೆ ಸ್ವಲ್ಪ ಹೊತ್ತಿಗೆ ನೊಣಗಳು ಬಾಗಿಲಲ್ಲಿ ಸಾಲಾಗಿ ನಿಂತು ಹಿಂಭಾಗ ಎತ್ತಿ ರೆಕ್ಕೆ ಬೀಸುತ್ತ ಉಳಿದವನ್ನು ಕರೆಯುತ್ತವೆ, ಅರ್ಧ ಕೆಲಸವನ್ನು ಅವೇ ಮಾಡಿಕೊಳ್ಳುತ್ತವೆ. ತುಡುವೆಯಾದರೆ ಬಾಗಿಲಿಗೆ ರಾಣಿತಡೆ (ಕೆಲಸಗಾರ ನೊಣಗಳು ನುಸುಳಬಲ್ಲ, ರಾಣಿ ನುಸುಳಲಾರದ ಕಿಂಡಿಯ ತಡೆ) ಹಾಕಿ ಕೆಲವು ದಿನ ಕಾಯಲೇಬೇಕು. ಕದಲಿಸಿದ ತುಡುವೆ ಕುಟುಂಬ ಪೆಟ್ಟಿಗೆ ಬಿಟ್ಟು ಹಾರಿಹೋಗುವುದು ತೀರ ಸಾಮಾನ್ಯ. ಕತ್ತಲಾದ ಮೇಲೆ, ಮೇವಿನಿಂದ ಮರಳಿದವೆಲ್ಲ ಒಳಸೇರಿದ ಬಳಿಕ ಪೆಟ್ಟಿಗೆಯನ್ನು ಎತ್ತಬೇಕು.

ಒಂದು ಹಗಲಿನ ಧೂಳು, ಕೆಲವು ಕಡಿತ, ಆಮೇಲೆ ಗಾರೆಯವರ ಕೆಲಸ: ಈ ವಿಧಾನದ ಬೆಲೆ ಇಷ್ಟು. ಕಚ್ಚಿದ ಜಾಗದಲ್ಲಿ ಮಾಗಿದ ಬಾಳೆಹಣ್ಣಿನಂಥ ವಾಸನೆ ಏಳುತ್ತದೆ. ಅದು ಉಳಿದ ನೊಣಗಳಿಗೆ ಅಪಾಯದ ಸೂಚನೆಯಾದ್ದರಿಂದ ಮುಳ್ಳನ್ನು ತಡಮಾಡದೆ ಕೆರೆದು ತೆಗೆದು ಅಲ್ಲಿಗೆ ಹೊಗೆ ಹಿಡಿಯಬೇಕು. ಜೇನಿನ ವಿಷಕ್ಕೆ ಅಲರ್ಜಿಯಿರುವವರು ಎರಡು ವಿಧಾನಗಳಿಂದಲೂ ದೂರವಿದ್ದು ಅನುಭವಿ ಜೇನುಕೃಷಿಕರನ್ನು ಕರೆಸುವುದು ಸರಿ.

ಗೋಡೆ ಇಟ್ಟಿಗೆಯದೋ ಹಲಗೆಯದೋ ಆಗಿದ್ದು ತೆರೆಯಲು ಸಾಧ್ಯವಿದ್ದರೆ ನಾನು ಒಡೆಯುವ ಪಕ್ಷದವನು, ಅದೂ ತುಪ್ಪ ತುಂಬುವ ಕಾಲಕ್ಕೆ ಮುಂಚೆ, ಎರಿಗಳು ಹಗುರವಾಗಿರುವಾಗ. ಭಾರ ಹೊತ್ತ ದಪ್ಪ ಕಲ್ಲುಗೋಡೆಯಲ್ಲಿ ಆಲಿಕೆಯ ಹೊರತು ಬೇರೆ ದಾರಿ ನನಗೆ ಕಂಡಿಲ್ಲ. ಹಾಗೇ ಬಿಟ್ಟುಬಿಡೋಣವೆಂಬುದು ಜನ ಓಡಾಡದ ಎತ್ತರದ ಗೋಡೆಗೆ ಒಪ್ಪುವ ಮಾತು, ಆದರೆ ಕುಟುಂಬ ಬಲಿತಂತೆ ಪಾಲಾಗುತ್ತದೆ, ಆ ಪಾಲು ಪಕ್ಕದ ಟೊಳ್ಳನ್ನು ಹುಡುಕಬಹುದು.

ತೆರೆದ ಗೋಡೆಯಲ್ಲಿ ಮೇಣವನ್ನು ಕೆರೆದು, ಸಾಬೂನು ನೀರಿನಿಂದ ತೊಳೆದು, ಒಣಗಿದ ಮೇಲೆ ಬಣ್ಣ ಬಳಿದು, ಟೊಳ್ಳನ್ನೇ ತುಂಬಿಸಿಬಿಡಬಹುದು. ಹೊಸ ಮನೆ ಹುಡುಕುವ ನೊಣಗಳಿಗೆ ಹಳೆಯ ಮೇಣದ ವಾಸನೆಯೂ ಸಿಗುವುದಿಲ್ಲ, ಜಾಗವೂ ಇರುವುದಿಲ್ಲ. ಆಲಿಕೆ ಹಾಕಿದ ಗೋಡೆಯಲ್ಲಿ ಈ ಅನುಕೂಲವಿಲ್ಲದ್ದರಿಂದ ಹೊರಗಿನ ಬಿರುಕುಗಳನ್ನೆಲ್ಲ ಮುಚ್ಚಿ, ಗಾಳಿಕಿಂಡಿಗಳಿಗೆ 3 ಮಿಲಿಮೀಟರಿಗಿಂತ ದೊಡ್ಡ ಕಣ್ಣಿಲ್ಲದ ಜಾಲರಿ ಹೊಡೆದು, ಜೇನು ಪಾಲಾಗುವ ಪ್ರತಿ ಹಂಗಾಮಿನಲ್ಲಿಯೂ ಆ ಗೋಡೆಯನ್ನು ಮತ್ತೆ ಪರೀಕ್ಷಿಸಬೇಕಾಗುತ್ತದೆ.