ರೇಸಿನ ಟಿಪ್ಸ್ ಪುಸ್ತಕ: ಅಂಕಿಗೆ ಸೈ, ಟಿಪ್ಸಿಗೆ ಬೇಡ

ದಾವಣಗೆರೆ ಬಸ್ ಸ್ಟ್ಯಾಂಡ್ ಹತ್ತಿರ ತಗೊಂಡೆ, ಮಿರ್ಚಿ ಮಂಡಕ್ಕಿ ತಿನ್ನುತ್ತಾ ಅಲ್ಲೇ ಓದಿದೆ, ಎಣ್ಣೆ ಕಲೆ ಇನ್ನೂ ಇದೆ. ಬೆಂಗಳೂರು ರೇಸಿನ ಕುದುರೆಗಳ ಹಿಂದಿನ ಐದು ಓಟದ ಅಂಕಿ, ಹೊರುವ ತೂಕ, ಜಾಕಿ, ಗೇಟ್ ನಂಬರ್ ಎಲ್ಲಾ ನೀಟಾಗಿ ಕೊಟ್ಟಿದ್ದಾರೆ. ಆದರೆ 'ಗ್ಯಾರಂಟಿ ಗೆಲುವು' ಅಂತ ಕೆಂಪಕ್ಷರದಲ್ಲಿ ಹಾಕಿದ್ದ ಕುದುರೆ ಹಿಂದೆ ಗೆದ್ದಿದ್ದೆಲ್ಲ 1200 ಮೀಟರಿನಲ್ಲಿ, ಈ ಸಲದ ಓಟ 1600 ಮೀಟರ್, ಸಾಲದ್ದಕ್ಕೆ ಗೆದ್ದ ಮೇಲೆ ರೇಟಿಂಗ್ ಏರಿ ಹ್ಯಾಂಡಿಕ್ಯಾಪಿನಲ್ಲಿ (ರೇಟಿಂಗ್ ಜಾಸ್ತಿ ಇರುವ ಕುದುರೆಗೆ ಜಾಸ್ತಿ ತೂಕ ಹೊರಿಸುವ ಓಟ) ಬೆನ್ನ ಮೇಲೆ ನಾಲ್ಕು ಕೆಜಿ ಜಾಸ್ತಿ. ಕೊನೆಯ 200 ಮೀಟರಿನಲ್ಲಿ ಸುಸ್ತಾಗಿ ಹಿಂದೆ ಬಿತ್ತು. ಆರನೇ ಸ್ಥಾನ! ಆ ದೂರ, ತೂಕದ ಲೆಕ್ಕವೆಲ್ಲ ಅವರದೇ ಪುಸ್ತಕದಲ್ಲಿದೆ, ಬರೆದವರೇ ಓದಿಲ್ಲ ಅಲ್ವಾ? ಮುಂದಿನ ವಾರವೂ ತಗೊಳ್ಳುತ್ತೇನೆ, ಕೆಂಪಕ್ಷರದ ಪುಟ ಮಾತ್ರ ಹರಿದು ಮಂಡಕ್ಕಿ ಅಂಗಡಿಗೆ.