ಕಾಸರಗೋಡಿನ ಹಳೇ ಕಾಗದದಂಗಡಿ: ಬ್ಯಾಂಕ್ ಪತ್ರ ಕೊಳ್ಳುವವರಿಗೆ

ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಲದ ಚೆಕ್ಕು, ಷೇರು ಪತ್ರಗಳ ಸಂಗ್ರಹ ಇಲ್ಲಿ ಸೊಗಸಾಗಿದೆ. ಆದರೆ ಹೆಸರು, ತಾರೀಕು ತಾಳೆ ನೋಡಿಯೇ ದುಡ್ಡು ಕೊಡಿ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಮಂಗಳೂರಿನಲ್ಲಿ ಕಟ್ಟಿದ್ದು ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’. ಅದು ಕೆನರಾ ಬ್ಯಾಂಕ್ ಆದದ್ದು 1910ರಲ್ಲಿ. 1908ರ ಪತ್ರದಲ್ಲಿ ‘ಕೆನರಾ ಬ್ಯಾಂಕ್’ ಎಂದು ಅಚ್ಚಾಗಿದ್ದರೆ ಮುಟ್ಟಬೇಡಿ. ಇಂಪೀರಿಯಲ್ ಬ್ಯಾಂಕಿನ ಚೆಕ್ಕಾದರೆ 1921ಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ. ಈ ಭಾಗದಲ್ಲಿ ಅದಕ್ಕೆ ಮೊದಲಿದ್ದದ್ದು ಬ್ಯಾಂಕ್ ಆಫ್ ಮದ್ರಾಸ್.

ಗುಂಡುಸೂಜಿಯ ತೂತು ಗಮನಿಸಿ. ಅಸಲಿ ತುಕ್ಕು ಕಾಗದದೊಳಗೆ ಇಳಿದು ಹಿಂಬದಿಗೂ ಕಂದು ಉಂಗುರ ಬಿಟ್ಟಿರುತ್ತದೆ. ಸ್ಕ್ಯಾನ್ ಪ್ರತಿಯಲ್ಲಿ ಕಲೆ ಮೇಲ್ಮೈಯಲ್ಲಷ್ಟೇ.

ಬೇಸರ ಒಂದೇ, ಕೆಲವಕ್ಕೆ ಲ್ಯಾಮಿನೇಶನ್ ಮಾಡಿಟ್ಟಿದ್ದಾರೆ. ಬಿಸಿಗೆ ಕರಗಿದ ಅಂಟು ನಾರಿಗೆ ಹಿಡಿದರೆ ಬಿಡಿಸಲಾಗದು. ಅಂಥದ್ದು ಬೇಡ. ಬಿಡಿ ಹಾಳೆಯನ್ನೇ ಕೇಳಿ, ಆಮ್ಲರಹಿತ ಲಕೋಟೆಯಲ್ಲಿ ಹಾಕಿಕೊಡುತ್ತಾರೆ.